ಹಿಮದ ಗೊಡವೆ ನಮಗೇಕೆ?

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ನಿಂತವರು ಪಂಪನನ್ನೋ ಬಸವಣ್ಣನವರನ್ನೋ ನೆನೆದು ಮಾತು ಆರಂಭಿಸುವುದು ವಾಡಿಕೆ. ಈ ದಿನ ನಾನು ಆರಿಸಿಕೊಂಡಿರುವ ವಿಷಯವಾದರೋ ಭೂಮಿಯ ತುತ್ತತುದಿಯ ಹಿಮ. ಬೇಸಗೆಯಲ್ಲಿ ಬಂಡೆ ಕಾದು ಬೆಂಕಿಯಾಗುವ ಈ ಹೈದರಾಬಾದಿನಲ್ಲಿ, ಮಂಜುಗಡ್ಡೆಯನ್ನು ಕಬ್ಬಿನ ಹಾಲಿನ ಅಂಗಡಿಯಲ್ಲಿ ಮಾತ್ರ ಕಂಡಿರುವ ನಮಗೆ, ಇದೆಲ್ಲಿಯ ಮಾತು ಎಂದು ತಮಗೆ ತೋರಿದರೆ ಆಶ್ಚರ್ಯವಿಲ್ಲ. ಅದಕ್ಕಿಂತಲೂ ಗಂಭೀರವಾದ ಆಕ್ಷೇಪಣೆಯೊಂದುಂಟು. ಕುಡಿಯುವ ನೀರಿಗೆ ಕೊಡ ಹಿಡಿದು ಸಾಲುನಿಲ್ಲುವ ಜನರಿರುವ ದೇಶವು, ಮನುಷ್ಯರೇ ನೆಲಸದ ಹಿಮಖಂಡಕ್ಕೆ ಹಡಗುಗಳನ್ನು ಕಳುಹಿಸಿ ಹಣ ವ್ಯಯಮಾಡುವುದೇಕೆ? ಈ ಪ್ರಶ್ನೆಯನ್ನು ಕೇಳುವವರು ಮೂರ್ಖರಲ್ಲ. ತೆರಿಗೆ ತೆರುವ ಪ್ರಜೆಗಳು. ಅವರಿಗೆ ಸಮಾಧಾನವಾಗುವಂತಹ ಉತ್ತರವೊಂದಿರಬೇಕು. ಅದನ್ನು ನಮ್ಮ ಕನ್ನಡದಲ್ಲಿಯೇ ಹೇಳಲು ಸಾಧ್ಯವೇ ಎಂದು ಯತ್ನಿಸುವುದೇ ಈ ಭಾಷಣದ ಉದ್ದೇಶ.

ಮೊದಲು ಆ ಪ್ರದೇಶದ ಪರಿಚಯ ಮಾಡಿಕೊಳ್ಳೋಣ. ಭೂಮಿಯ ಎರಡು ತುದಿಗಳೂ ಒಂದೇ ಬಗೆಯವಲ್ಲ. ಉತ್ತರದ ತುದಿಯಲ್ಲಿರುವುದು ಕಡಲು, ಅದರ ಮೇಲೆ ತೇಲುವ ಹಿಮ, ಸುತ್ತಲೂ ನೆಲ. ದಕ್ಷಿಣದ ತುದಿಯಲ್ಲಿರುವುದು ನೆಲ, ಅದರ ಮೇಲೆ ಹೇರಿದ ಹಿಮ, ಸುತ್ತಲೂ ಕಡಲು. ಈ ದಕ್ಷಿಣದ ಖಂಡವೇ ಅಂಟಾರ್ಕ್ಟಿಕ. ಅದರ ವಿಸ್ತೀರ್ಣ ಸುಮಾರು ೧ ಕೋಟಿ ೪೦ ಲಕ್ಷ ಚದರ ಕಿಲೋಮೀಟರ್. ಎಂದರೆ ನಮ್ಮ ಭಾರತದಂತಹ ನಾಲ್ಕು ದೇಶಗಳನ್ನು ಹಾಸಿದರೂ ಇನ್ನೂ ಸ್ಥಳ ಮಿಗುತ್ತದೆ. ಅದರಲ್ಲಿ ನೂರಕ್ಕೆ ೯೮ ಪಾಲು ಹಿಮದ ಹೊದಿಕೆ. ಆ ಹೊದಿಕೆಯ ದಪ್ಪ ಸರಾಸರಿ ಎರಡು ಕಿಲೋಮೀಟರಿಗೆ ಸಮೀಪ. ಕೆಲವೆಡೆ ನಾಲ್ಕೂವರೆ ಕಿಲೋಮೀಟರಿಗೂ ಮಿಕ್ಕಿದೆ. ಅಲ್ಲಿಯ ವೊಸ್ತೋಕ್ ಎಂಬ ರಷ್ಯನ್ ಠಾಣೆಯಲ್ಲಿ ೧೯೮೩ನೆಯ ಇಸವಿ ಜುಲೈ ೨೧ರಂದು ಉಷ್ಣತೆಯು ಸೊನ್ನೆಗಿಂತ ೮೯.೨ ಡಿಗ್ರಿ ಕೆಳಕ್ಕೆ ಇಳಿದಿತ್ತು. ಪ್ರಪಂಚದ ಸಿಹಿನೀರಿನಲ್ಲಿ ಹೆಚ್ಚುಪಾಲು ಅಲ್ಲಿಯೇ ಹೆಪ್ಪುಗಟ್ಟಿ ಕುಳಿತಿದೆ.

ಇಷ್ಟು ದೂರದ ಹಿಮಕ್ಕೂ ನಮಗೂ ಸಂಬಂಧವೆಲ್ಲಿ? ಸಂಬಂಧವು ಬಹಳ ಹಳೆಯದು. ೧೮೫೬ರಲ್ಲಿ ಒರಿಸ್ಸದ ತಾಲ್ಚೇರಿನ ಕಲ್ಲಿದ್ದಲಿನ ನೆಲವನ್ನು ಪರೀಕ್ಷಿಸುತ್ತಿದ್ದ ಬ್ಲಾನ್‌ಫರ್ಡ್ ಸೋದರರು ಒಂದು ವಿಚಿತ್ರವನ್ನು ಕಂಡರು. ನಯವಾದ ಕೆಸರುಗಲ್ಲಿನ ನಡುವೆ ದೊಡ್ಡ ದೊಡ್ಡ ಗುಂಡುಗಳು ಹುದುಗಿಕೊಂಡಿದ್ದುವು. ಗುಂಡುಗಳನ್ನು ಉರುಳಿಸಿ ತರುವಷ್ಟು ರಭಸದ ನದಿಯು ನಯವಾದ ಕೆಸರನ್ನು ಅಲ್ಲಿ ನಿಲ್ಲಗೊಡದು. ಎರಡನ್ನೂ ಒಟ್ಟಿಗೆ ಹೊತ್ತು ತಂದು ಒಂದೇ ಕಡೆ ಇಳಿಸಬಲ್ಲುದು ಹಿಮವೊಂದೇ. ಹೀಗೆ ತರ್ಕಿಸಿ ಅವರು, ಉರಿಬಿಸಿಲಿನ ಈ ದೇಶದಲ್ಲಿ ಒಂದು ಕಾಲದಲ್ಲಿ ಹಿಮವಿತ್ತೆಂದು ಸೂಚಿಸಿದರು. ಹಲವರು ನಂಬಲಿಲ್ಲ. ೧೮೭೨ರಲ್ಲಿ ಫೆಡ್ಡನ್ ಎಂಬ ಭೂಶಾಸ್ತ್ರಜ್ಞರಿಗೆ ಚಂದ್ರಪುರದ ಬಳಿ, ನಮ್ಮ ಆದಿಲಾಬಾದಿನ ಗಡಿಯ ಪೆನ್‌ಗಂಗಾ ನದಿಯ ಸೀಮೆಯಲ್ಲಿ, ಉಜ್ಜಿ ನಯಮಾಡಿ ಗೀರು ಎಳೆದಂತಿದ್ದ ಸುಣ್ಣಕಲ್ಲಿನ ನೆಲವೇ ದೊರೆಯಿತು. ಹಿಮನದಿಯು ತನ್ನ ಹೊಟ್ಟೆಯಲ್ಲಿ ಕಲ್ಲುಗಳನ್ನು ಹಿಡಿದುಕೊಂಡು ಹರಿದಾಗ ತಳದ ಬಂಡೆಯ ಮೇಲೆ ಇಂತಹ ಗೀರುಗಳು ಮೂಡುತ್ತವೆ. ಆಗ ಸಂಶಯಕ್ಕೆ ಎಡೆ ಕಡಮೆಯಾಯಿತು. ಸುಮಾರು ೩೦ ಕೋಟಿ ವರ್ಷಗಳ ಹಿಂದೆ ಈ ಗೋದಾವರಿಯ ಸೀಮೆಯ ಮೇಲೆ ಹಿಮ ಹರಿದಿತ್ತು.

ಆ ಹಿಮ ಕರಗಿದ ಮೇಲೆ ಕಾಡು ಬೆಳೆಯಿತು. ಕಾಡು ಮಣ್ಣಿನಡಿ ಸೇರಿ ಕಲ್ಲಿದ್ದಲಾಯಿತು. ೧೮೭೧ರಲ್ಲಿ ಡಾ. ವಿಲಿಯಂ ಕಿಂಗ್ ಯೆಲ್ಲಂದುವಿನ ಬಳಿ ಗುರುತಿಸಿದ ಸಿಂಗರೇಣಿಯ ಕಲ್ಲಿದ್ದಲು ಇದೇ. ಆ ಕಾಡಿನ ಮುಖ್ಯ ಗಿಡ ಗ್ಲಾಸಾಪ್ಟೆರಿಸ್, ನಾಲಗೆಯಾಕಾರದ ಎಲೆಯುಳ್ಳದ್ದು. ಈಗ ಮತ್ತೊಂದು ಚಿತ್ರವನ್ನು ನೋಡಿರಿ. ೧೯೧೨ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದ ಕ್ಯಾಪ್ಟನ್ ಸ್ಕಾಟ್ ಮತ್ತು ಅವರ ನಾಲ್ವರು ಸಂಗಾತಿಗಳು ಹಿಂದಿರುಗುವ ದಾರಿಯಲ್ಲಿ ಹಸಿವಿನಿಂದಲೂ ಚಳಿಯಿಂದಲೂ ಮಡಿದರು. ಅದೇ ವರ್ಷದ ನವೆಂಬರಿನಲ್ಲಿ ಶೋಧಕರು ಅವರ ಕೊನೆಯ ಡೇರೆಯನ್ನು ಕಂಡಾಗ, ಸುಮಾರು ೧೬ ಕಿಲೋ ತೂಕದ ಕಲ್ಲುಗಳು ಅಲ್ಲಿದ್ದುವು. ಹೆಜ್ಜೆ ಎತ್ತಿಡಲಾರದ ಸ್ಥಿತಿಯಲ್ಲೂ ಅವರು ಅದನ್ನು ಎಸೆಯದೆ ಎಳೆದು ತಂದಿದ್ದರು. ಆ ಕಲ್ಲುಗಳಲ್ಲಿ ಇದ್ದುದು ಗ್ಲಾಸಾಪ್ಟೆರಿಸ್ ಎಲೆಯ ಅಚ್ಚು! ಸಿಂಗರೇಣಿಯ ಕಾಡೂ ಅಂಟಾರ್ಕ್ಟಿಕದ ಕಾಡೂ ಒಂದೇ ನೆಲದಲ್ಲಿ ಬೆಳೆದಿದ್ದವೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕೆ? ಭಾರತ, ಅಂಟಾರ್ಕ್ಟಿಕ, ಆಸ್ಟ್ರೇಲಿಯ, ಆಫ್ರಿಕ, ದಕ್ಷಿಣ ಅಮೆರಿಕ ಇವೆಲ್ಲ ಕೂಡಿದ್ದ ಆ ಮಹಾಭೂಮಿಗೆ ಶಾಸ್ತ್ರಜ್ಞರು ಇಟ್ಟ ಹೆಸರು ಗೊಂಡ್ವಾನ; ಆದಿಲಾಬಾದಿನ ಕಾಡುಗಳಲ್ಲಿ ಇಂದಿಗೂ ಬಾಳುತ್ತಿರುವ ಗೊಂಡ ಜನರ ನಾಡಿನಿಂದ ಬಂದ ಹೆಸರು. ಸುಮಾರು ೧೩ ಕೋಟಿ ವರ್ಷಗಳ ಹಿಂದೆ ಭಾರತವು ಅಂಟಾರ್ಕ್ಟಿಕದಿಂದ ಬೇರೆಯಾಗಿ ಉತ್ತರಕ್ಕೆ ಹೊರಟಿತು. ಆದುದರಿಂದ ಅಂಟಾರ್ಕ್ಟಿಕವು ಪರದೇಶವೆಂಬುದು ಪೂರ್ತಿ ನಿಜವಲ್ಲ. ಅದು ಪಾಲಾಗಿ ಹೋದ ಅಣ್ಣತಮ್ಮಂದಿರ ಮನೆ.

ಇದು ಪುರಾತನ ಕಥೆಯಾಯಿತು. ನಮ್ಮ ಕಾಲದ ಕಥೆಗೆ ಬರೋಣ. ಕನ್ನಡನಾಡು ಒಂದಾದ ೧೯೫೬ನೆಯ ಇಸವಿ ನಮ್ಮೆಲ್ಲರಿಗೂ ಗೊತ್ತು. ರಾಯಚೂರು, ಗುಲ್ಬರ್ಗ, ಬೀದರಗಳು ಹೈದರಾಬಾದನ್ನು ಬಿಟ್ಟು ತಾಯ ಮಡಿಲನ್ನು ಸೇರಿದುವು. ನಾವು ಕೆಲವರು ಈ ಊರಿನಲ್ಲೇ ಉಳಿದುಕೊಂಡೆವು. ಅದೇ ವರ್ಷದ ಫೆಬ್ರವರಿಯಲ್ಲಿ ಭಾರತವು ಸಂಯುಕ್ತ ರಾಷ್ಟ್ರಸಂಘದ ಮುಂದೆ ಅಂಟಾರ್ಕ್ಟಿಕದ ಪ್ರಶ್ನೆಯನ್ನು ಎತ್ತಿತ್ತು. ಕೆಲವು ರಾಜ್ಯಗಳು ಆ ಖಂಡವನ್ನು ಕಡುಬಿನಂತೆ ಹೋಳುಮಾಡಿ ತಮ್ಮದೆಂದು ಸಾಧಿಸುತ್ತಿದ್ದ ಕಾಲ ಅದು. ಆ ನೆಲ ಶಾಂತಿಯ ಕಾರ್ಯಗಳಿಗೆ ಮಾತ್ರ ಮೀಸಲಾಗಿರಲಿ ಎಂಬುದು ನಮ್ಮ ದೇಶದ ವಾದ. ಆಗ ಅದು ಚರ್ಚೆಗೆ ಬರಲಿಲ್ಲ. ಆದರೆ ೧೯೫೯ನೆಯ ಡಿಸೆಂಬರ್ ೧ರಂದು ೧೨ ದೇಶಗಳು ವಾಷಿಂಗ್ಟನ್ನಿನಲ್ಲಿ ಸಹಿಮಾಡಿದ ಒಪ್ಪಂದದಲ್ಲಿ, ಅಲ್ಲಿ ಸೈನಿಕ ಚಟುವಟಿಕೆ ಕೂಡದು, ವಿಜ್ಞಾನಕ್ಕೆ ಸ್ವಾತಂತ್ರ್ಯವಿರಬೇಕು ಎಂಬ ನಿಯಮಗಳು ಸೇರಿದುವು. ಈ ಒಪ್ಪಂದಕ್ಕೆ ಭಾರತ ಸೇರಿದ್ದು ೧೯೮೩ರಲ್ಲಿ. ಮಾತಿನ ಹಕ್ಕು ಬರಬೇಕಾದರೆ ಅಲ್ಲಿ ಹೋಗಿ ಕೆಲಸಮಾಡಿ ತೋರಿಸಬೇಕಾಗಿತ್ತು.

ಆ ಕೆಲಸ ಅದಾಗಲೇ ಆರಂಭವಾಗಿತ್ತು. ೧೯೮೧ರ ಡಿಸೆಂಬರ್ ೬ರಂದು ಡಾ. ಎಸ್. ಝಡ್. ಕಾಸಿಮ್ ಅವರ ನಾಯಕತ್ವದಲ್ಲಿ ೨೧ ಮಂದಿಯ ತಂಡ ಗೋವೆಯಿಂದ ಹೊರಟು, ೧೯೮೨ರ ಜನವರಿ ೯ರಂದು ಆ ಹಿಮದ ಮೇಲೆ ಕಾಲಿಟ್ಟಿತು. ಮೂರನೆಯ ಯಾತ್ರೆಯ ನಾಯಕರು ಡಾ. ಹರ್ಷ ಗುಪ್ತ, ಮುಂದೆ ೧೯೯೨ರಿಂದ ೨೦೦೧ರವರೆಗೆ ನಮ್ಮ ಊರಿನ ರಾಷ್ಟ್ರೀಯ ಭೂಭೌತ ಸಂಶೋಧನ ಸಂಸ್ಥೆಯ ನಿರ್ದೇಶಕರಾಗಿದ್ದವರು ಇವರೇ. ೧೯೮೩-೮೪ರ ಆ ಯಾತ್ರೆಯಲ್ಲಿ ದಕ್ಷಿಣ ಗಂಗೋತ್ರಿ ಎಂಬ ಠಾಣೆ ಎದ್ದು ನಿಂತಿತು. ೧೨ ಮಂದಿ ಚಳಿಗಾಲದ ದೀರ್ಘ ರಾತ್ರಿಯನ್ನು ಅಲ್ಲಿಯೇ ಕಳೆದರು. ಸುದೀಪ್ತಾ ಸೇನ್‌ಗುಪ್ತಾ ಮತ್ತು ಅದಿತಿ ಪಂತ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳೂ ಆ ಯಾತ್ರೆಯಲ್ಲಿದ್ದರೆಂಬುದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು.

ಹಿಮವು ಸುಲಭವಾಗಿ ಒಲಿಯುವುದಲ್ಲ. ದಕ್ಷಿಣ ಗಂಗೋತ್ರಿಯನ್ನು ಕಟ್ಟಿದ್ದು ತೇಲುವ ಹಿಮಫಲಕದ ಮೇಲೆ. ವರ್ಷವರ್ಷವೂ ಬಿದ್ದ ಹಿಮ ಅದನ್ನು ಹೂಳಿತು; ೧೯೯೦ರಲ್ಲಿ ಅದನ್ನು ಬಿಟ್ಟುಬಿಡಬೇಕಾಯಿತು. ಅದೇ ೧೯೯೦ರ ಜನವರಿಯಲ್ಲಿ ಪರ್ವತ ಪ್ರದೇಶದ ಶಿಬಿರವೊಂದರ ಡೇರೆಯೊಳಗೆ ಕಾರ್ಬನ್ ಮಾನಾಕ್ಸೈಡಿನ ವಿಷವಾಯು ತುಂಬಿ ನಮ್ಮ ನಾಲ್ವರು ಪ್ರಾಣಬಿಟ್ಟರು. ಹೊರಗಿನ ಚಳಿಗೆ ಡೇರೆಯನ್ನು ಮುಚ್ಚಿದಷ್ಟೂ ಒಳಗಿನ ಗಾಳಿಯೇ ಶತ್ರುವಾಗುವಂತಹ ಸ್ಥಳ ಅದು. ವೆಚ್ಚದ ಲೆಕ್ಕ ಹಾಕುವಾಗ ಇವರನ್ನೂ ಮರೆಯಬಾರದು. ಅಷ್ಟರಲ್ಲಿ ಹಿಮವಿಲ್ಲದ ಬಂಡೆನೆಲವಾದ ಶಿರ್ಮಾಕರ್ ಓಯಸಿಸ್‌ನಲ್ಲಿ ಮೈತ್ರಿ ಎಂಬ ಎರಡನೆಯ ಠಾಣೆ ಸಿದ್ಧವಾಗಿತ್ತು. ೨೦೧೨ರ ಮಾರ್ಚಿನಲ್ಲಿ, ಅಲ್ಲಿಗೆ ಸುಮಾರು ೩೦೦೦ ಕಿಲೋಮೀಟರ್ ಪೂರ್ವಕ್ಕೆ, ಲಾರ್ಸ್‌ಮನ್ ಗುಡ್ಡಗಳಲ್ಲಿ ಭಾರತಿ ಎಂಬ ಮೂರನೆಯ ಠಾಣೆ ಆರಂಭವಾಯಿತು. ಸರಕು ಸಾಗಿಸುವ ೧೩೪ ಕಂಟೇನರುಗಳನ್ನು ಜೋಡಿಸಿ ಕಟ್ಟಿದ ಮನೆ ಅದು.

ಇನ್ನು ನಮ್ಮ ಊರಿನ ಪಾತ್ರವೇನೆಂಬುದನ್ನು ನೋಡೋಣ. ತಾರ್ನಾಕದಿಂದ ಉಪ್ಪಲ್ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮಲ್ಲಿ ಹಲವರು ನಿತ್ಯವೂ ಓಡಾಡುವುದುಂಟು. ಅದೇ ರಸ್ತೆಯಲ್ಲಿ, ೧೯೬೧ರಲ್ಲಿ ಸ್ಥಾಪಿತವಾದ ಭೂಭೌತ ಸಂಶೋಧನ ಸಂಸ್ಥೆಯಿದೆ. ಈ ಸಂಸ್ಥೆಯವರು ೧೯೯೦ರ ದಶಕದ ಕೊನೆಯಲ್ಲಿ ಮೈತ್ರಿಯಲ್ಲಿ ಭೂಕಂಪಮಾಪಕವನ್ನೂ ಉಪಗ್ರಹಗಳ ಸಹಾಯದಿಂದ ಸ್ಥಳದ ಚಲನೆಯನ್ನು ಅಳೆಯುವ ಉಪಕರಣವನ್ನೂ ನೆಲೆಗೊಳಿಸಿದರು. ದಕ್ಷಿಣಾರ್ಧಗೋಳದಲ್ಲಿ ಕಡಲೇ ಹೆಚ್ಚು. ಭೂಕಂಪವನ್ನು ಆಲಿಸುವ ಕಿವಿಗಳು ಕಡಮೆ. ಅಲ್ಲಿ ಇಟ್ಟ ಒಂದು ಕಿವಿ ಇಲ್ಲಿಯ ಹತ್ತರಷ್ಟು ಬೆಲೆಯುಳ್ಳದ್ದು. ಇನ್ನು ಎರಡನೆಯ ಉಪಕರಣ. ಅಂತಹುದೇ ಒಂದು ಹೈದರಾಬಾದಿನಲ್ಲಿಯೂ ಇದೆ. ಎರಡನ್ನೂ ಹೋಲಿಸಿ ನೋಡಿದರೆ, ಈ ಊರಿಗೂ ಮೈತ್ರಿಗೂ ನಡುವಣ ದೂರ ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಹೆಚ್ಚುತ್ತಿರುವುದು ತಿಳಿಯುತ್ತದೆ. ೧೩ ಕೋಟಿ ವರ್ಷಗಳ ಹಿಂದೆ ಹೊರಟ ಪ್ರಯಾಣ ಇನ್ನೂ ನಿಂತಿಲ್ಲವೆಂದಾಯಿತು. ಆ ಪ್ರಯಾಣದ ಒತ್ತಡವೇ ಹಿಮಾಲಯದ ಭೂಕಂಪಗಳಿಗೆ ಕಾರಣ.

ಅದೇ ರಸ್ತೆಯಲ್ಲಿರುವ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದಲ್ಲಿ ಡಾ. ಎಸ್. ಶಿವಾಜಿಯವರೂ ಅವರ ಸಹೋದ್ಯೋಗಿಗಳೂ ಅಂಟಾರ್ಕ್ಟಿಕದ ಮಣ್ಣಿನ ಸೂಕ್ಷ್ಮಜೀವಿಗಳನ್ನು ಅಭ್ಯಾಸಮಾಡಿದರು. ಶಿರ್ಮಾಕರ್ ಮಣ್ಣಿನಲ್ಲಿ ದೊರೆತ ಒಂದು ಹೊಸ ಜಾತಿಗೆ ೧೯೯೨ರಲ್ಲಿ ಅವರು ಅಂಟಾರ್ಕ್ಟಿಕದ ಹೆಸರನ್ನೇ ಇಟ್ಟರು. ಅಷ್ಟು ಚಳಿಯಲ್ಲಿ ಇವು ಬದುಕುವುದು ಹೇಗೆ? ಚಳಿಗಾಲದ ಬೆಳಗ್ಗೆ ಅಡಿಗೆಯ ಮನೆಯಲ್ಲಿ ತುಪ್ಪ ಗಟ್ಟಿಯಾಗಿರುತ್ತದೆ. ಕಡಲೆಕಾಯಿ ಎಣ್ಣೆ ಹರಿಯುತ್ತಿರುತ್ತದೆ. ಎರಡೂ ಜಿಡ್ಡೇ, ಆದರೆ ರಚನೆ ಬೇರೆ. ಚಳಿಯ ಜೀವಿಗಳು ತಮ್ಮ ಕೋಶದ ಪೊರೆಯಲ್ಲಿ ಎಣ್ಣೆಯ ಜಾತಿಯ ಜಿಡ್ಡನ್ನು ಹೆಚ್ಚಿಸಿಕೊಂಡು ಪೊರೆಯು ಗಡುಸಾಗದಂತೆ ನೋಡಿಕೊಳ್ಳುತ್ತವೆ. ತಣ್ಣೀರಿನಲ್ಲಿಯೂ ಕೆಲಸಮಾಡುವ ಕಿಣ್ವಗಳು ಇಂತಹ ಜೀವಿಗಳಲ್ಲಿರುವುದರಿಂದ, ಈ ಅಭ್ಯಾಸದ ಫಲ ಕೈಗಾರಿಕೆಗೂ ಒದಗತಕ್ಕದ್ದು.

ಮೂರನೆಯದು ರಾಷ್ಟ್ರೀಯ ದೂರಸಂವೇದಿ ಕೇಂದ್ರ. ರಾಯಚೂರಿನ ಹಾದಿಯಲ್ಲಿ ಷಾದ್‌ನಗರವನ್ನು ದಾಟುವಾಗ ಅದರ ದೊಡ್ಡ ಬಟ್ಟಲಿನಂತಹ ಆಂಟೆನಾಗಳ ನೆಲೆ ಅಲ್ಲಿದೆಯೆಂದು ನೆನಪಿಡಿರಿ. ಭೂಮಿಯನ್ನು ಪರೀಕ್ಷಿಸುವ ನಮ್ಮ ಉಪಗ್ರಹಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ದಿನಕ್ಕೆ ಸುಮಾರು ೧೪ ಸುತ್ತು. ಕೆಳಗೆ ಭೂಮಿ ತಾನೇ ತಿರುಗುತ್ತಿರುವುದರಿಂದ ಷಾದ್‌ನಗರದ ಕಣ್ಣಿಗೆ ಕೆಲವು ಸುತ್ತುಗಳು ಮಾತ್ರ ಬೀಳುತ್ತವೆ. ಧ್ರುವದ ಹತ್ತಿರವಾದರೋ ಬಹುಪಾಲು ಸುತ್ತುಗಳು ಹಾದುಹೋಗಲೇ ಬೇಕು. ಆದುದರಿಂದ ೨೦೧೩ರಲ್ಲಿ ಈ ಕೇಂದ್ರದವರು ಭಾರತಿ ಠಾಣೆಯಲ್ಲಿ ಒಂದು ಆಂಟೆನಾವನ್ನು ನಿಲ್ಲಿಸಿದರು. ಅಲ್ಲಿ ಹಿಡಿದ ಚಿತ್ರಗಳು ಮತ್ತೊಂದು ಉಪಗ್ರಹದ ಮೂಲಕ ಷಾದ್‌ನಗರಕ್ಕೆ ಬರುತ್ತವೆ. ೨೦೨೫ನೆಯ ಜುಲೈ ೩೦ರಂದು ಭಾರತವೂ ಅಮೆರಿಕವೂ ಕೂಡಿ ಹಾರಿಸಿದ ನಿಸಾರ್ ಉಪಗ್ರಹದ ರೇಡಾರ್ ಕಣ್ಣು, ಹಗಲಿರುಳೆನ್ನದೆ, ಮೋಡವೆನ್ನದೆ, ೧೨ ದಿನಗಳಿಗೊಮ್ಮೆ ಅದೇ ಸ್ಥಳವನ್ನು ನೋಡಿ ಹಿಮದ ಚಲನೆಯನ್ನು ಅಳೆಯಲು ರಚಿತವಾದುದು.

ಹೀಗೆ ಅಳೆದು ದೊರಕುವುದೇನು? ರಾಯಚೂರು ಸೀಮೆಯ ಮಸ್ಕಿಯ ಉದಾಹರಣೆಯನ್ನು ತೆಗೆದುಕೊಳ್ಳಿರಿ. ೧೯೧೫ರಲ್ಲಿ ಚಿನ್ನವನ್ನು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರರಿಗೆ ಅಲ್ಲಿ ಒಂದು ಬಂಡೆಯ ಶಾಸನ ಕಂಡಿತು. ದೇಶದ ತುಂಬ ಪ್ರಿಯದರ್ಶಿ ಎಂಬ ಬಿರುದಿನಲ್ಲಿದ್ದ ಶಾಸನಗಳು ಯಾರವೆಂಬುದಕ್ಕೆ, ಅಶೋಕನ ಹೆಸರನ್ನೇ ಹೇಳಿದ ಆ ಬಂಡೆ ಸಾಕ್ಷಿಯಾಯಿತು. ಅಂಟಾರ್ಕ್ಟಿಕದ ಹಿಮವೂ ಇಂತಹುದೇ ಶಾಸನ. ವರ್ಷವರ್ಷವೂ ಬಿದ್ದ ಹಿಮ ಪದರ ಪದರವಾಗಿ ಕೂತು ಗಟ್ಟಿಯಾಗುವಾಗ ಆಯಾ ಕಾಲದ ಗಾಳಿಯ ಗುಳ್ಳೆಗಳು ಅದರೊಳಗೆ ಸೆರೆಯಾಗುತ್ತವೆ. ಕೊಳವೆಯಿಂದ ಕೊರೆದು ಹಿಮದ ಕಂಬವನ್ನು ಎತ್ತಿದರೆ ಆ ಗಾಳಿಯನ್ನು ಪರೀಕ್ಷಿಸಬಹುದು. ನೀರಿನಲ್ಲಿರುವ ಹಗುರ ಮತ್ತು ಭಾರ ಪರಮಾಣುಗಳ ಪ್ರಮಾಣದಿಂದ ಆ ಕಾಲದ ಉಷ್ಣತೆಯನ್ನು ಗುಣಿಸಬಹುದು. ಯಾವ ಪದರ ಯಾವ ವರ್ಷದ್ದು? ಅದಕ್ಕೂ ಮಸ್ಕಿಯಂತಹ ಗುರುತುಗಳಿವೆ. ೧೮೧೫ರಲ್ಲಿ ಇಂಡೊನೇಷ್ಯದ ತಂಬೋರ ಜ್ವಾಲಾಮುಖಿ ಸಿಡಿದಾಗ ಚಿಮ್ಮಿದ ಗಂಧಕದ ಅಂಶ ಎರಡು ಧ್ರುವಗಳ ಹಿಮದಲ್ಲಿಯೂ ಮುದ್ರೆಯೊತ್ತಿದೆ.

ಈ ಶಾಸನವನ್ನು ವೊಸ್ತೋಕ್‌ನಲ್ಲಿ ೪ ಲಕ್ಷ ೨೦ ಸಾವಿರ ವರ್ಷಗಳವರೆಗೂ, ಯುರೋಪಿನವರು ಡೋಮ್ ಸಿ ಎಂಬಲ್ಲಿ ೮ ಲಕ್ಷ ವರ್ಷಗಳವರೆಗೂ ಓದಿದ್ದಾರೆ. ೨೦೨೫ರ ಜನವರಿಯಲ್ಲಿ ಕೊರೆತವು ೨೮೦೦ ಮೀಟರ್ ಆಳಕ್ಕೆ ಮುಟ್ಟಿ, ೧೨ ಲಕ್ಷ ವರ್ಷಗಳಷ್ಟು ಹಳೆಯ ಹಿಮ ಮೇಲೆ ಬಂದಿತು. ಗೋವೆಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರದ ಶೀತಲಕೋಣೆಯಲ್ಲಿಯೂ ನಮ್ಮವರು ತಂದ ಹಿಮದ ಕಂಬಗಳ ವಾಚನ ನಡೆದಿದೆ. ಶಾಸನದ ತಾತ್ಪರ್ಯವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ಆ ೮ ಲಕ್ಷ ವರ್ಷಗಳಲ್ಲಿ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲಾಮ್ಲ ವಾಯುವು ೧೮೦ರಿಂದ ೩೦೦ ಭಾಗಗಳ ನಡುವೆ ಏರಿಳಿಯುತ್ತಿತ್ತು. ಈಗ ಅದು ೪೨೦ನ್ನು ದಾಟಿದೆ. ಕೈಗಾರಿಕೆಯ ಯುಗದ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಇದಾಯಿತು. ಇದು ಊಹೆಯಲ್ಲ, ಹಿಮವೇ ಕೊಟ್ಟ ಸಾಕ್ಷ್ಯ.

ಬಿಸಿ ಹೆಚ್ಚಿದರೆ ಹಿಮ ಕರಗುವುದು ಸಹಜ. ಇಲ್ಲಿ ಒಂದು ಭೇದವನ್ನು ತಿಳಿದುಕೊಳ್ಳಬೇಕು. ಲೋಟದ ನೀರಿನಲ್ಲಿ ತೇಲುವ ಮಂಜುಗಡ್ಡೆ ಕರಗಿದರೆ ನೀರಿನ ಮಟ್ಟ ಏರುವುದಿಲ್ಲ. ಹೊರಗಿನಿಂದ ಹೊಸ ಗಡ್ಡೆಯನ್ನು ಹಾಕಿದರೆ ಏರುತ್ತದೆ. ಕಡಲಿನ ಮೇಲೆ ತೇಲುವ ಹಿಮ ಮೊದಲನೆಯ ಬಗೆ. ನೆಲದ ಮೇಲಿನ ಹಿಮ ಎರಡನೆಯದು. ೨೦೦೨ರಿಂದ ಸುಮಾರು ಎರಡು ದಶಕಗಳ ಕಾಲ ಉಪಗ್ರಹಗಳಿಂದ ತೂಗಿ ನೋಡಿದಾಗ, ಅಂಟಾರ್ಕ್ಟಿಕವು ವರ್ಷಕ್ಕೆ ಸರಾಸರಿ ೧೫ ಸಾವಿರ ಕೋಟಿ ಟನ್ನಿನಷ್ಟು ನೆಲದ ಹಿಮವನ್ನು ಕಳೆದುಕೊಂಡಿತು. ಗ್ರೀನ್‌ಲೆಂಡ್ ಅದಕ್ಕಿಂತಲೂ ಹೆಚ್ಚು. ಅಂಟಾರ್ಕ್ಟಿಕದ ಹಿಮವೆಲ್ಲ ಕರಗಿದರೆ ಕಡಲು ಸುಮಾರು ೫೮ ಮೀಟರ್ ಏರುತ್ತದೆ. ಅದು ನಾಳೆಯೇ ಆಗತಕ್ಕದ್ದಲ್ಲ. ಸಾವಿರಾರು ವರ್ಷಗಳ ಮಾತು. ನಮ್ಮ ಹೈದರಾಬಾದು ಐನೂರು ಮೀಟರಿಗೂ ಎತ್ತರದಲ್ಲಿದೆ. ಆದರೆ ೧೯೦೧ರಿಂದ ೨೦೧೮ರೊಳಗೆ ಕಡಲು ಸರಾಸರಿ ೨೦ ಸೆಂಟಿಮೀಟರ್ ಏರಿರುವುದು ಆಗಲೇ ನಡೆದುಹೋದ ಸಂಗತಿ. ಉಳ್ಳಾಲದಲ್ಲಿಯೋ ಕಾಸರಗೋಡಿನಲ್ಲಿಯೋ ಕಡಲ ದಂಡೆಯ ಮೇಲೆ ಮನೆ ಮಾಡಿಕೊಂಡಿರುವ ನಮ್ಮವರಿಗೆ ಗೇಣುದ್ದವೂ ಸಣ್ಣ ಲೆಕ್ಕವಲ್ಲ.

ಆ ದಂಡೆಯವರಿಗೆ ದಕ್ಷಿಣದಿಂದ ಬರುವ ಮತ್ತೊಂದು ಅತಿಥಿಯ ಪರಿಚಯವುಂಟು. ಗಾಳಿಯಿಲ್ಲ, ಮಳೆಯಿಲ್ಲ, ಆಕಾಶ ನಿರ್ಮಲ. ಆದರೂ ಕಡಲು ಇದ್ದಕ್ಕಿದ್ದಂತೆ ಉಬ್ಬಿ ಮನೆಯೊಳಗೆ ನುಗ್ಗುತ್ತದೆ. ಮಲೆಯಾಳದ ಬೆಸ್ತರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕನ್ನಡಿಗನಿಗೆ ಅರ್ಥ ಹೇಳಬೇಕಾದುದಿಲ್ಲ. ಕಳ್ಳನಂತೆ ಬರುವ ಕಡಲು. ಅಂಟಾರ್ಕ್ಟಿಕವನ್ನು ಸುತ್ತುವರಿದ ದಕ್ಷಿಣ ಸಾಗರದ ಕಡೆಯಲ್ಲಿ ಏಳುವ ಬಿರುಗಾಳಿ ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಪಯಣಿಸಿ ಕೆಲವು ದಿನಗಳ ಮೇಲೆ ಇಲ್ಲಿ ಬಂದು ಮುಟ್ಟುತ್ತವೆ. ಕಳ್ಳನು ಹೊರಟ ಸುದ್ದಿ ತಿಳಿದರೆ ಬಾಗಿಲು ಹಾಕಿಕೊಳ್ಳಬಹುದಷ್ಟೆ? ಆ ಸುದ್ದಿಯನ್ನು ಮುಂಚಿತವಾಗಿ ಕೇರಳ, ಕರ್ನಾಟಕಗಳ ದಂಡೆಗೆ ಮುಟ್ಟಿಸತಕ್ಕ ಸಂಸ್ಥೆ ಯಾವುದು ಬಲ್ಲಿರಾ? ಈ ನಮ್ಮ ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ. ಕಡಲಿಲ್ಲದ ಊರು ಕಡಲಿನವರನ್ನು ಎಚ್ಚರಿಸುತ್ತಿದೆ.

ಕೊನೆಯದಾಗಿ ಮಳೆಯ ಮಾತು. ತಾಲ್ಚೇರಿನ ಗುಂಡುಗಳಲ್ಲಿ ಹಿಮದ ಗುರುತನ್ನು ಕಂಡ ಸೋದರರಲ್ಲಿ ಒಬ್ಬರಾದ ಹೆನ್ರಿ ಬ್ಲಾನ್‌ಫರ್ಡ್ ಮುಂದೆ ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದರು. ಹಿಮಾಲಯದಲ್ಲಿ ಹಿಮ ಹೆಚ್ಚು ಬಿದ್ದ ವರ್ಷ ಮುಂಗಾರು ದುರ್ಬಲವಾಗಬಹುದೆಂದು ೧೮೮೪ರಲ್ಲಿ ಬರೆದವರು ಅವರೇ. ಎಲ್ಲಿಯೋ ಬಿದ್ದ ಹಿಮಕ್ಕೂ ನಮ್ಮ ಜೋಳದ ಹೊಲಕ್ಕೂ ನಂಟುಂಟೆಂದು ನಮ್ಮ ದೇಶದಲ್ಲಿಯೇ ಮೊದಲು ಹೊಳೆದ ವಿಚಾರವಿದು. ಇಂದು ಗೋವೆಯ ಕೇಂದ್ರದವರು ಉತ್ತರ ಧ್ರುವದ ಕಡಲ ಹಿಮ ಕುಗ್ಗುವುದಕ್ಕೂ ಮಧ್ಯಭಾರತದಲ್ಲಿ ಮಳೆಗಾಲದ ಕೊನೆಗೆ ಸುರಿಯುವ ಅತಿವೃಷ್ಟಿಗೂ ಸಂಬಂಧವಿರಬಹುದೆಂದು ಶೋಧಿಸುತ್ತಿದ್ದಾರೆ. ಇಂತಹ ಸಂಬಂಧಗಳು ಒಂದೆರಡು ವರ್ಷದ ಅಳತೆಯಿಂದ ತಿಳಿಯುವಂಥವಲ್ಲ. ದಕ್ಷಿಣ ಗಂಗೋತ್ರಿ ಹಿಮನದಿಯ ಮೂತಿ ಎಷ್ಟು ಹಿಂದೆ ಸರಿಯಿತೆಂದು ನಮ್ಮ ಭೂವೈಜ್ಞಾನಿಕ ಸರ್ವೇಕ್ಷಣೆಯವರು ೧೯೮೩ರಿಂದ ಅಳೆಯುತ್ತ ಬಂದಿದ್ದಾರೆ. ಸರಾಸರಿ ವರ್ಷಕ್ಕೆ ಒಂದು ಮೀಟರಿಗೂ ಕಡಮೆ. ಒಂದು ವರ್ಷ ನೋಡಿದವನಿಗೆ ಅದು ಏನೂ ಅಲ್ಲ. ನಲವತ್ತು ವರ್ಷ ನೋಡಿದವನಿಗೆ ಅದು ಜ್ಞಾನ.

ಹಿಮದ ಗೊಡವೆ ನಮಗೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ. ಕುಡಿಯುವ ನೀರಿಗೆ ಸಾಲುನಿಂತವನ ಕೊಡಕ್ಕೂ ಆ ಹಿಮಕ್ಕೂ ನಡುವೆ ಮಳೆ ಇದೆ, ಕಡಲು ಇದೆ. ಹಿಮದ ಲೆಕ್ಕವನ್ನು ಇಟ್ಟವನಿಗೆ ಮುಂದಿನ ಕಾಲಕ್ಕೆ ಸಿದ್ಧನಾಗುವ ಅವಕಾಶವಿದೆ. ಇಡದವನಿಗೆ ಆಪತ್ತು ಕಳ್ಳಕಡಲಿನಂತೆ ಬರುತ್ತದೆ. ಬಡವನಿಗೇ ಲೆಕ್ಕದ ಅಗತ್ಯ ಹೆಚ್ಚು. ಶ್ರೀಮಂತನು ನಷ್ಟವನ್ನು ತಡೆದುಕೊಂಡಾನು.

ಸಂಘದ ಮುಂದೆ ಒಂದು ಸಲಹೆಯನ್ನಿಟ್ಟು ಮುಗಿಸುತ್ತೇನೆ. ನಾನು ಹೆಸರಿಸಿದ ನಾಲ್ಕು ಸಂಸ್ಥೆಗಳೂ ಈ ಊರಿನಲ್ಲಿಯೇ ಇವೆ. ಸೆಪ್ಟೆಂಬರ್ ೨೬ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನ ಪರಿಷತ್ತಿನ ಸ್ಥಾಪನೆಯ ದಿನ. ಆ ಸಂದರ್ಭದಲ್ಲಿ ಅದರ ಪ್ರಯೋಗಶಾಲೆಗಳು ಸಾರ್ವಜನಿಕರಿಗೆ ಬಾಗಿಲು ತೆರೆಯುವುದುಂಟು. ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯೋಣ. ನೋಡಿ ಬಂದುದನ್ನು ಅವರಿಂದ ಕನ್ನಡದಲ್ಲಿ ಬರೆಯಿಸಿ, ಒಳ್ಳೆಯದನ್ನು ಈ ಸಂಚಿಕೆಯಲ್ಲಿ ಅಚ್ಚುಹಾಕೋಣ. ಹಿಮನದಿ, ಹಿಮಫಲಕ, ಹಿಮದ ಕಂಬ ಎಂಬ ಮಾತುಗಳನ್ನು ಈ ಸಭೆಯಲ್ಲಿ ಬಳಸಿದೆ. ತಮಗಾರಿಗೂ ಅರ್ಥವಾಗದೆ ಹೋಗಲಿಲ್ಲವೆಂದು ನಂಬಿದ್ದೇನೆ. ಅಂದಮೇಲೆ ಕನ್ನಡಕ್ಕೆ ಈ ವಿದ್ಯೆಯನ್ನು ಹೊರುವ ಶಕ್ತಿಯಿದೆ. ಹೊರಿಸುವ ಮನಸ್ಸು ನಮ್ಮದಾಗಬೇಕು.